ಕೋಡೊಲೆಯ ಮೇಲೆ ಬೆಂದ ಬಟಾಟೆ

ಪುಣೆಯಿಂದ ಬಂದ ಕರೆಂಟಿನ ಗಡಿಗೆಯೊಂದು ಜತ್ತ ತಾಲೂಕಿನ ಹಳ್ಳಿಯ ಅಡಿಗೆಮನೆಯಲ್ಲಿ ಒಂದು ರಾತ್ರಿ ಸೋತು, ಬೆಳಗಾಗುವಾಗ ಆ ಮನೆಯ ಹಳೆಯ ಒಲೆ ಅದರ ಮಾನ ಉಳಿಸಿದ ಕತೆಯನ್ನು ಓದುಗರ ಮುಂದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅಡಿಗೆಯ ವಿಷಯ ಮಾಸ್ತರರಿಗೇಕೆ ಎಂದು ಕೇಳುವವರಿದ್ದಾರೆ. ಶಾಲೆಯ ಮಧ್ಯಾಹ್ನದ ಊಟದ ಲೆಕ್ಕ ಬರೆದು ಬರೆದು ಅಕ್ಕಿ, ಬೇಳೆ, ಸೌದೆ, ಗ್ಯಾಸುಗಳ ವಿಚಾರ ನಮಗೂ ಅಷ್ಟಿಷ್ಟು ತಿಳಿದಿದೆ ಎಂಬುದೇ ಅವರಿಗೆ ನನ್ನ ಉತ್ತರ.

ಜತ್ತವೆಂದರೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವದ ಅಂಚು. ಒಂದು ಕಾಲಕ್ಕೆ ಡಫಳೆ ಮನೆತನದವರ ಪುಟ್ಟ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅತ್ತ ವಿಜಯಪುರ ಜಿಲ್ಲೆ ತಾಗಿಕೊಂಡಿದೆ. ಉಮದಿ, ಸಂಖ, ಗುಡ್ಡಾಪುರದ ಕಡೆಗೆ ಹೋದರೆ ಅಂಗಡಿಯ ಫಲಕ ಮರಾಠಿಯಲ್ಲಿ, ಅಂಗಡಿಕಾರನ ಮಾತು ಕನ್ನಡದಲ್ಲಿ. ಗುಡ್ಡಾಪುರದ ದಾನಮ್ಮ ದೇವಿಯ ದರ್ಶನಕ್ಕೆ ಕರ್ನಾಟಕದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಕಾಸರಗೋಡಿನವರಾದ ನಮಗೆ ಈ ಊರು ದೂರವಾದರೂ ಪರಕೀಯವಲ್ಲ. 1967ರ ಮಹಾಜನ ಆಯೋಗದ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ನಮ್ಮ ನಾಡೂ ಜತ್ತದ ಹಲವು ಹಳ್ಳಿಗಳೂ ಒಂದೇ ಕಟ್ಟಿನೊಳಗಿದ್ದವು. ಎರಡೂ ಅಂದಿನ ಮೈಸೂರು ರಾಜ್ಯಕ್ಕೆ ಸೇರತಕ್ಕವೆಂದು ಬರೆಯಲಾಗಿತ್ತು. ಎರಡೂ ಇದ್ದಲ್ಲೇ ಉಳಿದವು. ಆ ಮಾತು ಇಲ್ಲಿ ಬೇಡ.

ವಿಜಯಪುರದಲ್ಲಿ ಟಿ.ಸಿ.ಎಚ್. ಓದುವಾಗ ನನ್ನ ಕೋಣೆಯಲ್ಲಿದ್ದ ಗೆಳೆಯನೊಬ್ಬ ಈಗ ಆ ತಾಲೂಕಿನಲ್ಲಿಯೇ ಕನ್ನಡ ಶಾಲೆಯ ಮಾಸ್ತರ. ಇಪ್ಪತ್ತು ವರ್ಷಗಳಿಂದ ಕರೆಯುತ್ತಲೇ ಇದ್ದ. ಕಳೆದ ಕ್ರಿಸ್‌ಮಸ್ ರಜೆಗೆ ಕೊನೆಗೂ ಹೋದೆ. ಹೋದ ದಿನ ಚಳಿ ನಮ್ಮ ಕಡೆಯವರಿಗೆ ತಡೆಯದಂಥದು. ಹೊಲದಲ್ಲಿ ಹಿಂಗಾರಿ ಜೋಳ ಆಳೆತ್ತರ ನಿಂತಿತ್ತು. ಆ ಚಳಿಯಲ್ಲಿ ನಾನು ಮೊದಲು ಹೋಗಿ ಕೂತದ್ದು ಅವರ ಒಲೆಯ ಮುಂದೆ.

ಆ ಒಲೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮನೆಯೊಳಗೆ ಗ್ಯಾಸ್ ಇದೆ. ಚಹಾ, ಒಗ್ಗರಣೆ, ಮಕ್ಕಳ ಹಾಲು ಎಲ್ಲವೂ ಅದರ ಮೇಲೆ. ಹಿತ್ತಲ ಕಡೆ ತಗಡಿನ ಮಾಡಿನ ಕೆಳಗೆ ಮಣ್ಣಿನ ಒಲೆ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಅದರ ಮೇಲೆಯೇ ಆಗಬೇಕು. ದೊಡ್ಡ ಒಲೆಯ ಪಕ್ಕಕ್ಕೆ, ಅದೇ ಮಣ್ಣಿನಲ್ಲಿ ಕಟ್ಟಿದ, ಒಳಗಿಂದೊಳಗೆ ಗಾಳಿಯ ದಾರಿಯುಳ್ಳ ಇನ್ನೊಂದು ಸಣ್ಣ ಬಾಯಿ. ಕನ್ನಡದಲ್ಲಿ ಅದು ಕೋಡೊಲೆ. ಅಲ್ಲಿಯ ಮರಾಠಿಗರು ವೈಲ ಎನ್ನುತ್ತಾರೆ. ಕೋಡೊಲೆಗೆ ಬೇರೆ ಸೌದೆ ಹಾಕುವ ಪದ್ಧತಿಯಿಲ್ಲ. ದೊಡ್ಡ ಒಲೆಯಲ್ಲಿ ಉರಿದು ಉಳಿದ ಝಳ ಆ ದಾರಿಯಿಂದ ಹಾದುಹೋಗುವಾಗ ಮೇಲಿಟ್ಟ ಗಡಿಗೆಯನ್ನು ಮುಟ್ಟಿ ಹೋಗುತ್ತದೆ, ಅಷ್ಟೇ. ಮುಂದೆ ನಲವತ್ತು ರೊಟ್ಟಿ ಬೇಯುವ ಹೊತ್ತಿನಲ್ಲಿ ಪಕ್ಕದಲ್ಲಿ ತೊಗರಿಬೇಳೆ ತಾನಾಗಿ ಬೆಂದಿರುತ್ತದೆ, ಜೋಳದ ನುಚ್ಚು ಅರಳಿರುತ್ತದೆ, ಹಾಲು ಉಕ್ಕದೆ ಕೆಂಪಗೆ ಕೆನೆ ಕಟ್ಟಿರುತ್ತದೆ. ಯಾರೂ ಕಾಯಬೇಕಿಲ್ಲ, ಕೈಯಾಡಿಸಬೇಕಿಲ್ಲ. ಉರುವಲು ತೊಗರಿಕಟ್ಟಿಗೆ, ಜಾಲಿ, ಸಗಣಿಯ ಕುಳ್ಳು. ಕುಳ್ಳಿನ ಕೆಂಡ ಬೂದಿಯೊಳಗೆ ಸೇರಿಕೊಂಡು ತಾಸುಗಟ್ಟಲೆ ಸಾಯುವುದಿಲ್ಲ. ನಮ್ಮಲ್ಲಿ ಬಚ್ಚಲೊಲೆಯ ಬಿಸಿಬೂದಿಯಲ್ಲಿ ಗೆಣಸು ಹುಗಿದಿಟ್ಟು ಬೆಳಿಗ್ಗೆ ತೆಗೆದು ತಿಂದವರಿಗೆ ಇದರ ಮರ್ಮ ಬೇಗ ತಿಳಿದೀತು.

ಗೆಳೆಯನ ತಮ್ಮ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಅವನೂ ಹೆಂಡತಿ ಮಕ್ಕಳೂ ಎಳ್ಳ ಅಮಾವಾಸ್ಯೆಯ ನೆವದಿಂದ ಊರಿಗೆ ಬಂದಿದ್ದರು. ಬರುವಾಗ ಆಕೆ ಒಂದು ಹೊಸ ಸಾಮಾನು ತಂದಿದ್ದಳು. ಹೊರಗೆ ಲೋಹದ ಕವಚ, ಒಳಗೆ ದಪ್ಪನೆಯ ಪಿಂಗಾಣಿ ಗಡಿಗೆ, ಮೇಲೆ ಗಾಜಿನ ಮುಚ್ಚಳ, ಹಿಂದೆ ಕರೆಂಟಿನ ಬಾಲ. ಸ್ಲೋ ಕುಕ್ಕರ್ ಎಂದು ಅದರ ಹೆಸರು. ರಾತ್ರಿ ತುಂಬಿಟ್ಟು ಮಲಗಿದರೆ ಬೆಳಿಗ್ಗೆ ಅಡಿಗೆ ಸಿದ್ಧ. ಅವಳ ಮಕ್ಕಳಿಗೆ ಪುಣೆಯಲ್ಲಿ ಮ್ಯಾಶ್ಡ್ ಪೊಟ್ಯಾಟೋ ಎಂದರೆ ಪ್ರಾಣ. ಬಟಾಟೆಯನ್ನು ಬೇಯಿಸಿ, ಹಿಸುಕಿ, ಬೆಣ್ಣೆ ಹಾಲು ಸೇರಿಸಿದ ಮುದ್ದೆ. ಅಜ್ಜಿಗೂ ಅದನ್ನು ಉಣಿಸಬೇಕೆಂದು ಅವಳ ಆಸೆ.

ಗೆಳೆಯನ ತಾಯಿಗೆ ಎಪ್ಪತ್ತು ದಾಟಿದೆ. ಆ ಯಂತ್ರದ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ ಕೇಳಿದರು: "ಇದಕ್ಕ ಬೆಂಕಿ ಎಲ್ಲೈತೆವಾ?"

"ಒಳಗ ಐತ್ರೀ ಅತ್ತಿ. ಕಾಣಂಗಿಲ್ಲ."

"ಕಾಣದ ಬೆಂಕಿಗೆ ಗಡಿಗಿ ಒಪ್ಪಸಿ ಮಲಗೂದು ಹ್ಯಾಂಗ?"

ಈ ಯಂತ್ರದ ಹುಟ್ಟಿನ ಕತೆಯನ್ನು ನಾನು ಆಗ ಅವರಿಗೆ ಹೇಳಿದೆ. ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಎಂಬ ಯಹೂದಿ ಎಂಜಿನಿಯರನಿಗೆ ಅವನ ತಾಯಿ ತನ್ನ ಲಿಥುವೇನಿಯಾದ ತವರಿನ ಸಂಗತಿ ಹೇಳುತ್ತಿದ್ದಳಂತೆ. ಯಹೂದಿಗಳು ಶನಿವಾರದ ಸಬ್ಬತ್ತಿನಂದು ಒಲೆ ಹೊತ್ತಿಸುವುದಿಲ್ಲ. ಆದ್ದರಿಂದ ಶುಕ್ರವಾರ ಸಂಜೆ ಕಾಳು, ಮಾಂಸ, ಬಟಾಟೆ ತುಂಬಿದ ಗಡಿಗೆಯನ್ನು ಊರ ರೊಟ್ಟಿಭಟ್ಟಿಯವನ ಒಲೆಯಲ್ಲಿಟ್ಟು ಬರುವರು. ಆರುತ್ತಿರುವ ಭಟ್ಟಿಯ ಶಾಖದಲ್ಲಿ ಅದು ರಾತ್ರಿಯಿಡೀ ಬೆಂದು ಮರುದಿನ ಮಧ್ಯಾಹ್ನದ ಊಟಕ್ಕಾಗುವುದು. ಮಗ ಆ ಭಟ್ಟಿಯನ್ನು ಕರೆಂಟಿಗೆ ಇಳಿಸಿ 1940ರಲ್ಲಿ ಪೇಟೆಂಟ್ ಪಡೆದ. 1970ರಲ್ಲಿ ರೈವಲ್ ಎಂಬ ಕಂಪೆನಿ ಅವನ ವ್ಯಾಪಾರವನ್ನು ಕೊಂಡು, ಮರುವರ್ಷ ಕ್ರಾಕ್ ಪಾಟ್ ಎಂಬ ಹೆಸರಿನಲ್ಲಿ ಮಾರಲಾರಂಭಿಸಿತು. ಮುದುಕಿ ಎಲ್ಲ ಕೇಳಿ, "ಅಂದ್ರ ಅದೂ ಯಾರದೋ ಅವ್ವನ ಒಲೀನ ಅನ್ನು" ಎಂದರು. ಗಡಿಗೆಯ ಮೇಲೆ ಅವರಿಗೆ ಸ್ವಲ್ಪ ವಿಶ್ವಾಸ ಬಂದಂತೆ ಕಂಡಿತು.

ರಾತ್ರಿ ಒಂಬತ್ತಕ್ಕೆ ಸೊಸೆ ಒಂದೂವರೆ ಕಿಲೋ ಬಟಾಟೆಯ ಸಿಪ್ಪೆ ತೆಗೆದು, ಎರಡೆರಡು ಹೋಳು ಮಾಡಿ, ತಣ್ಣೀರು ಹೊಯ್ದು, ಪುಣೆಯ ಪಾಕಪುಸ್ತಕದ ಯಾವುದೋ ಪದಾರ್ಥದ ಬದಲಿಗೆ ಒಂದು ಬಟ್ಟಲು ಮೊಸರನ್ನೂ ಸೇರಿಸಿ, ಸಣ್ಣ ಉರಿಯ ಗುರುತಿಗೆ ತಿರುವಿ ಮಲಗಿದಳು. ನಡುರಾತ್ರಿ ಕರೆಂಟು ಹೋಯಿತು. ಬೆಳಗಿನ ಐದಕ್ಕೆ ಮುದುಕಿ ಏಳುವಾಗಲೂ ಬಂದಿರಲಿಲ್ಲ. ಮುಚ್ಚಳ ತೆಗೆದು ನೋಡಿದರೆ ನೀರು ಉಗುರುಬೆಚ್ಚಗೆ, ಹೋಳುಗಳ ಮೇಲೆ ಒಡೆದ ಮೊಸರು, ಒತ್ತಿದರೆ ಬಟಾಟೆ ಬಗ್ಗುವುದೇ ಇಲ್ಲ. ಪಾಪ, ಸೊಸೆಗೆ ಅಳುವೇ ಬಂದಿತು. ಮನೆಯಲ್ಲಿ ಅತಿಥಿಯೊಬ್ಬನಿರುವಾಗ ಹೀಗಾಯಿತೆಂಬ ಸಂಕೋಚ ಬೇರೆ.

ಮುದುಕಿ ಒಂದು ಮಾತೂ ಆಡಲಿಲ್ಲ. ಆ ನೀರನ್ನು ಮೊಸರಿನೊಡನೆ ಚೆಲ್ಲಿ, ಹೋಳುಗಳನ್ನು ತೊಳೆದು, ಇನ್ನೂ ಸಣ್ಣಗೆ ಹೆಚ್ಚಿ, ಕುದಿಯುವ ನೀರಿಗೆ ಹಾಕಿದರು. ದೊಡ್ಡ ಒಲೆಯ ಮೇಲೆ ಚೆನ್ನಾಗಿ ಕುದಿಸಿದ ಮೇಲೆಯೇ ಕೋಡೊಲೆಗೆ ಸರಿಸಿ ರೊಟ್ಟಿ ಬಡಿಯಲು ಕೂತರು. ರೊಟ್ಟಿ ಮುಗಿದರೂ ಬಟಾಟೆ ಮೆತ್ತಗಾಗಿರಲಿಲ್ಲ. "ಅರೆಬೆಂದು ಆರಿದ್ದು ಹಟ ಹಿಡೀತದ ನೋಡು" ಎಂದು ಎರಡು ಕುಳ್ಳು ಮುರಿದು ಹಾಕಿದರು. ಅಂತೂ ಎಂಟೂವರೆ ಗಂಟೆಗೆ ಅದು ಸೋತಿತು. ಕಡಗೋಲಿನಿಂದ ನುರಿದು, ಮನೆಯ ಬೆಣ್ಣೆ, ಕೆಂಪು ಕೆನೆಯ ಹಾಲು, ಉಪ್ಪು ಬೆರೆಸಿದರು. ಮಕ್ಕಳಿಗೆ ಅಷ್ಟೇ. ದೊಡ್ಡವರ ಪಾಲಿಗೆ ಕುಟ್ಟಿದ ಹಸಿಮೆಣಸಿನಕಾಯಿ ಖಾರ, ಶೇಂಗಾಪುಡಿ. ಸಜ್ಜೆ ರೊಟ್ಟಿಯ ಜೊತೆಗೆ ನಾನು ಎರಡು ಸಲ ಹಾಕಿಸಿಕೊಂಡೆನೆಂದು ಒಪ್ಪಿಕೊಳ್ಳುತ್ತೇನೆ. ಅಲ್ಲಿಯೂ ಅದಕ್ಕೆ ಬಟಾಟಿ ಎಂದೇ ಹೆಸರು, ನಮ್ಮಲ್ಲಿಯ ಬಟಾಟೆಯ ಹಾಗೆ. ಪೋರ್ತುಗೀಸರು ಬಿಟ್ಟುಹೋದ ಆ ಶಬ್ದವನ್ನು ಕಾಸರಗೋಡೂ ಜತ್ತವೂ ಸಮವಾಗಿ ಹಂಚಿಕೊಂಡಿವೆ.

ಮೂರು ತಾಸು ಬಿಸಿಯಲ್ಲಿದ್ದ ಬಟಾಟೆ ಬೇಯದೆ ಗಟ್ಟಿಯಾದದ್ದು ಹೇಗೆ? ಸೊಸೆ ಇದನ್ನು ಕೇಳಿದಳು, ನನಗೂ ಕೂಡಲೆ ಹೇಳಲಾಗಲಿಲ್ಲ. ಊರಿಗೆ ಬಂದ ಮೇಲೆ ಪುಸ್ತಕ ನೋಡಿ ತಿಳಿದುಕೊಂಡದ್ದನ್ನು ಮಕ್ಕಳಿಗೆ ಹೇಳುವಂತೆ ಹೇಳುತ್ತೇನೆ. ಬಟಾಟೆಯೆಂದರೆ ಪಿಷ್ಟ ತುಂಬಿದ ಸಣ್ಣ ಸಣ್ಣ ಚೀಲಗಳ ರಾಶಿ. ಚೀಲವನ್ನು ಚೀಲಕ್ಕೆ ಅಂಟಿಸುವ ಗಾರೆಯಂಥ ವಸ್ತು ಪೆಕ್ಟಿನ್. ಅರುವತ್ತೈದು ಡಿಗ್ರಿ ಶಾಖದ ಆಸುಪಾಸಿನಲ್ಲಿ ಒಳಗಿನ ಪಿಷ್ಟ ಉಬ್ಬುತ್ತದೆ. ಆದರೆ ಗಾರೆ ಸಡಿಲಾಗಬೇಕಾದರೆ ಶಾಖ ಎಂಬತ್ತು ಎಂಬತ್ತೈದು ಡಿಗ್ರಿ ದಾಟಬೇಕು. ಐವತ್ತೈದರಿಂದ ಎಪ್ಪತ್ತರ ನಡುವೆ ಬಹಳ ಹೊತ್ತು ನಿಂತರೆ ಬಟಾಟೆಯಲ್ಲಿಯೇ ಇರುವ ಒಂದು ಕಿಣ್ವ ಎಚ್ಚತ್ತು, ಆ ಪೆಕ್ಟಿನ್ ಸುಣ್ಣದಂಶವನ್ನು ಹಿಡಿದುಕೊಂಡು ಇನ್ನೂ ಬಿಗಿಯುವಂತೆ ಮಾಡುತ್ತದೆ. ಸಣ್ಣ ಉರಿಯಲ್ಲಿ ತಣ್ಣೀರಿನಿಂದ ಹೊರಟ ಗಡಿಗೆ ಈ ಅಪಾಯದ ಮೆಟ್ಟಿಲಲ್ಲಿಯೇ ತಾಸುಗಟ್ಟಲೆ ತಡೆಯಿತು. ಮೇಲೇರುವಷ್ಟರಲ್ಲಿ ಕರೆಂಟು ಹೋಯಿತು. ಮನೆಯ ಕೊಳವೆಬಾವಿಯ ನೀರೂ ಗಡಸು, ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುವಂಥದು. ಸುಣ್ಣ ಅಲ್ಲಿಂದಲೂ ಬಂತು. ಇನ್ನು ಮೊಸರು. ಹುಳಿ ಸೇರಿದಲ್ಲಿ ಪೆಕ್ಟಿನ್ ಕರಗಲು ಒಪ್ಪುವುದಿಲ್ಲ. ಹುಣಿಸೆಹುಳಿ ಮೊದಲೇ ಬಿದ್ದರೆ ಸಾಂಬಾರಿನ ಬಟಾಟೆ ಬೇಯದೆಂಬುದನ್ನು ನಮ್ಮ ಹೆಂಗಸರೆಲ್ಲ ಬಲ್ಲರು, ಕಾರಣ ಇದು. ಮುದುಕಿ ಮೊಸರು ಚೆಲ್ಲಿದ್ದು, ಸಣ್ಣಗೆ ಹೆಚ್ಚಿದ್ದು, ಮೊದಲು ಕುದಿಸಿದ್ದು, ಈ ಮೂರರಲ್ಲಿ ಒಂದೂ ವ್ಯರ್ಥವಾಗಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಲೇಖನ ಚೆಂದಾಗಿಯೇ ಮುಗಿದೀತು: ಹಳೆಯದು ಗೆದ್ದಿತು, ಹೊಸದು ಸೋತಿತು. ಆದರೆ ಒಲೆಯ ಮುಂದೆ ಕೂತಿದ್ದ ನನಗೆ ಬೇರೊಂದು ಕಂಡಿತು. ಆ ಮೂರೂವರೆ ತಾಸಿನಲ್ಲಿ ಮುದುಕಿ ಎಷ್ಟು ಸಲ ಕೆಮ್ಮಿದರೆಂದು ಎಣಿಸತೊಡಗಿ ನಡುವೆ ಬಿಟ್ಟೆ. ತಗಡಿನ ಮಾಡಿಗೆ ಹೊಗೆಗೊಳವೆಯಿಲ್ಲ. ಹಿಂದಿನ ವರ್ಷ ಅವರ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದೆ. ಹೊಗೆಯ ಹತ್ತಿರ ಹೋಗಬಾರದೆಂದು ವೈದ್ಯರ ಅಪ್ಪಣೆ. ಮನೆಯ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೋಡೊಲೆಯ ಅಡಿಗೆ ಬಿಟ್ಟಿಯೆಂದು ನಾನೇ ಮೇಲೆ ಬರೆದೆ. ಅದರ ಬೆಲೆಯನ್ನು ತೆತ್ತವರು ಒಲೆಯ ಮುಂದೆ ಕೂತವರು. ಪುಣೆಯ ಸೊಸೆ ಆ ಮಾಡಿನ ಕೆಳಗೆ ಕಾಲಿಡಲು ಹಿಂಜರಿಯುತ್ತಾಳೆಂದು ಊರ ಹೆಂಗಸರು ಆಡಿಕೊಳ್ಳುವುದನ್ನು ಕೇಳಿದೆ. ಅವಳದು ತಪ್ಪೆಂದು ನನಗೆ ತೋರಲಿಲ್ಲ.

ಸುಗ್ಗಿ ಮುಗಿದೊಡನೆ ಆ ಒಲೆಯನ್ನು ಒಡೆಯುವುದೆಂದು ಗೆಳೆಯ ಮೊದಲೇ ನಿಶ್ಚಯಿಸಿದ್ದ. ತಾಯಿಗೂ ತಿಳಿಸಿದ್ದ. ಬೇಡವೆಂದು ಅವರು ಹೇಳಿರಲಿಲ್ಲ. ಅವರ ಪ್ರಶ್ನೆ ಒಂದೇ: "ನುಚ್ಚು ಎಲ್ಲಿ ಇಡೂದು?"

ಕೇಳುವವರಿಗೆ ಸಣ್ಣ ಪ್ರಶ್ನೆ. ವಿಚಾರ ಮಾಡಿದರೆ ಹಾಗಲ್ಲ. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಡವರ ಮನೆಗಳಿಗೂ ಸಿಲಿಂಡರು ಹೋಯಿತು, ಒಳ್ಳೆಯದೇ ಆಯಿತು. ಆದರೆ ದುಡ್ಡು ಕೊಟ್ಟು ತಂದ ಗ್ಯಾಸಿನ ಮೇಲೆ ಎರಡು ಮೂರು ತಾಸು ನುಚ್ಚು ಕುದಿಸುವ ಎದೆ ಯಾರಿಗಿದೆ? ನಿಧಾನವಾಗಿ ಬೇಯುವ ಅಡಿಗೆಗಳು ಹೀಗೆ ಒಂದೊಂದಾಗಿ ಮನೆ ಬಿಡುತ್ತವೆ. ಬಟಾಟೆಗಾದರೆ ಕುಕ್ಕರಿನ ಮೂರು ಸೀಟಿ ಸಾಲದೇ ಎನ್ನಬಹುದು. ಸಾಕು. ಒಪ್ಪಿದೆ. ಆದರೆ ಕುಕ್ಕರಿನಲ್ಲಿ ನುಚ್ಚು ತಳ ಹತ್ತುತ್ತದೆ, ಹಾಲು ಕೆಂಪಗಾಗುವುದಿಲ್ಲ.

ಹೊಗೆಯನ್ನು ಕಳೆದು ಕೋಡೊಲೆಯನ್ನು ಉಳಿಸಲು ಯತ್ನಗಳಾಗದೆ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗದವರು ರೂಪಿಸಿದ ಅಸ್ತ್ರ ಒಲೆ ಹಿರಿಯ ಓದುಗರಿಗೆ ನೆನಪಿರಬಹುದು. ಮೂರು ಪಾತ್ರೆ, ಒಂದು ಉರಿ, ಹೊಗೆಗೊಂದು ಕೊಳವೆ. ಎರಡನೆಯ ಮೂರನೆಯ ಪಾತ್ರೆಗೆ ಹಾದುಹೋಗುವ ಝಳವೇ ಆಧಾರ. ಕೋಡೊಲೆಯ ತತ್ತ್ವವೇ ಅದು. ಗೆಳೆಯನ ಮನೆಯಲ್ಲಿ ಮಾತ್ರ ಹೊಸ ಮಣ್ಣಿನ ಒಲೆ ಕಟ್ಟುವ ಮನಸ್ಸು ಯಾರಿಗೂ ಇರಲಿಲ್ಲ.

ಆಗ ನನಗೆ ನೆನಪಾದದ್ದು ನಮ್ಮೂರಿನ ಚೂಡಾರಾಪ್ಪೆಟ್ಟಿ. ಮಲಯಾಳದ ಮಾತು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ; ಬಿಸಿ ಆರದ ಪೆಟ್ಟಿಗೆ. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಹೊಗೆಯಿಲ್ಲದ ಒಲೆಯ ಹಾಗೆಯೇ ಇದನ್ನೂ ಮನೆಮನೆಗೆ ಒಯ್ದರು. ಥರ್ಮೋಕೋಲ್ ಹೊದಿಸಿದ ಪೆಟ್ಟಿಗೆ. ಕುಚ್ಚಿಲಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ ಪಾತ್ರೆಯನ್ನು ಅದರೊಳಗಿಟ್ಟರೆ ಉಳಿದುದನ್ನು ಪೆಟ್ಟಿಗೆ ನೋಡಿಕೊಳ್ಳುತ್ತದೆ. ಗಂಜಿಯ ಮನೆಗಳಿಗೆ ಇದರ ಉಪಕಾರ ಸಣ್ಣದಲ್ಲ. ಮಲಯಾಳದ ವಿಷಯದಲ್ಲಿ ನಮ್ಮ ದೂರುಗಳು ನೂರಾರು, ನನ್ನವೂ ಸೇರಿ. ಈ ಪೆಟ್ಟಿಗೆಯ ಮಟ್ಟಿಗೆ ಅವರಿಗೆ ಋಣಿಯಾಗಿರುವುದರಲ್ಲಿ ನಾಚಿಕೆಯಿಲ್ಲ.

ಜತ್ತದ ಹಳ್ಳಿಯಲ್ಲಿ ಥರ್ಮೋಕೋಲ್ ಹುಡುಕುತ್ತ ಕೂರಲಿಲ್ಲ. ಒಂದು ದೊಡ್ಡ ಬುಟ್ಟಿ ತೆಗೆದುಕೊಂಡೆವು. ತಳಕ್ಕೆ ಗೋಣಿಚೀಲ ಹಾಸಿ, ದನಗಳಿಗೆಂದು ಇಟ್ಟಿದ್ದ ಒಣ ಹೊಟ್ಟನ್ನು ಒಂದು ಗೇಣು ತುಂಬಿ, ನಡುವೆ ಗಡಿಗೆ ಕೂರುವಷ್ಟು ಗುಳಿ ಮಾಡಿ ಹಳೆಯ ಸೀರೆ ಹೊದಿಸಿದೆವು. ಸುತ್ತಲೂ ಹೊಟ್ಟು ನಾಲ್ಕು ಬೆರಳಿಗೆ ಕಡಿಮೆಯಿರಬಾರದು. ಮೇಲೆ ಮುಚ್ಚಲು ಹೊಟ್ಟು ತುಂಬಿದ ಒಂದು ದಿಂಬು, ಅದರ ಮೇಲೆ ಕಂಬಳಿ. ಮಕ್ಕಳಿಗೆ ಇದೊಂದು ಹಬ್ಬವೇ ಆಯಿತು.

ಮೊದಲ ಪರೀಕ್ಷೆ ಕೈಕೊಟ್ಟಿತು. ಅರ್ಧರ್ಧ ಹೋಳು ಮಾಡಿದ ಬಟಾಟೆಯನ್ನು ಗ್ಯಾಸಿನ ಮೇಲೆ ಐದು ನಿಮಿಷ ಕುದಿಸಿ ಬುಟ್ಟಿಯೊಳಗಿಟ್ಟೆವು. ತಾಸಿನ ಮೇಲೆ ತೆಗೆದರೆ ಹೊರಗೆ ಮೆತ್ತಗೆ, ನಡುವೆ ಗಟ್ಟಿ. ಮುದುಕಿ ಏನೂ ಅನ್ನಲಿಲ್ಲ, ನಕ್ಕರು. ಮರುದಿನ ಹೆಬ್ಬೆರಳ ಗಾತ್ರಕ್ಕೆ ಹೆಚ್ಚಿ, ಕುದಿಯುವ ನೀರಿಗೇ ಹಾಕಿ, ಪಾತ್ರೆ ಬಾಯಿಮಟ್ಟ ತುಂಬಿರುವಂತೆ ನೋಡಿಕೊಂಡು, ಮುಚ್ಚಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಹಾಗೆಯೇ ಬುಟ್ಟಿಗಿಳಿಸಿದೆವು. ಒಂದು ತಾಸಿಗೆ ಬಟಾಟೆ ಬೆಣ್ಣೆಯಂತಾಗಿತ್ತು. ಪಾತ್ರೆ ತುಂಬಿರಬೇಕೆಂಬುದು ಮುಖ್ಯ. ಅರ್ಧ ಪಾತ್ರೆ ಬೇಗ ಆರುತ್ತದೆ, ಆರಿದರೆ ಮತ್ತೆ ಅದೇ ಅಪಾಯದ ಮೆಟ್ಟಿಲು.

ಮಾಡಿ ನೋಡುವ ಓದುಗರಿಗೆ ಇನ್ನೆರಡು ಮಾತು. ನುರಿಯುವುದಕ್ಕೆ ಕಡಗೋಲು ಅಥವಾ ಸೌಟಿನ ಬೆನ್ನು ಸಾಕು, ಮಿಕ್ಸಿಗೆ ಮಾತ್ರ ಹಾಕಬೇಡಿ. ಅಲಗು ಆ ಪಿಷ್ಟದ ಚೀಲಗಳನ್ನೆಲ್ಲ ಹರಿದು ಅಡಿಗೆಯನ್ನು ಗೋಂದು ಮಾಡುತ್ತದೆ. ನೀರು ಪೂರಾ ಬಸಿದು, ಬಿಸಿಯಿರುವಾಗಲೇ ಮೊದಲು ಬೆಣ್ಣೆ, ಆಮೇಲೆ ಬಿಸಿ ಹಾಲು. ಮೊಸರು, ನಿಂಬೆ, ಟೊಮೆಟೊ ಏನು ಬೇಕಾದರೂ ಬೆಂದ ನಂತರ. ಹಾಲನ್ನು ಮೊದಲೇ ಸೇರಿಸಿ ಬುಟ್ಟಿಯಲ್ಲಿ ರಾತ್ರಿಯಿಡೀ ಇಡಬಾರದು; ಬೆಚ್ಚಗೆ ನಿಂತ ಅಡಿಗೆ ಕೆಡುವುದಕ್ಕೆ ಬಹಳ ಹೊತ್ತು ಬೇಡ. ಎಷ್ಟು ಹೊತ್ತು ಇಟ್ಟರೂ ತೆಗೆಯುವಾಗ ಮುಟ್ಟಲಾಗದಷ್ಟು ಬಿಸಿಯಿರಬೇಕು, ಇಲ್ಲವಾದರೆ ಮತ್ತೊಮ್ಮೆ ಕುದಿಸಿಯೇ ಉಣ್ಣಬೇಕು. ಎಳೆಯ ಹೊಸ ಬಟಾಟೆ ಈ ಕೆಲಸಕ್ಕೆ ಬಾರದು. ಹಿಟ್ಟು ಹಿಟ್ಟಾಗಿರುವ ಬಲಿತದ್ದೇ ಬೇಕು.

ಕರೆಂಟಿನ ಗಡಿಗೆಯ ಮೇಲೆಯೂ ಅಪವಾದ ಹೊರಿಸಬಾರದು. ಇನ್ನೂರು ವ್ಯಾಟಿನದಾದರೆ ಎಂಟು ತಾಸಿಗೆ ಒಂದು ಪಾಯಿಂಟ್ ಆರು ಯೂನಿಟ್ ಮಾತ್ರ. ಕುದಿಯುವ ನೀರಿನಿಂದ ಆರಂಭಿಸಿ, ಹೆಚ್ಚಿನ ಉರಿಗಿಟ್ಟು, ಹೋಳು ಮುಳುಗಿರುವಂತೆ ನೋಡಿಕೊಂಡರೆ ನಾಲ್ಕು ತಾಸಿನಲ್ಲಿ ಅದೂ ಚೆನ್ನಾಗಿಯೇ ಬೇಯಿಸುತ್ತದೆ. ಪುಣೆಗೆ ಹೋದ ಮೇಲೆ ಸೊಸೆ ಹಾಗೆಯೇ ಮಾಡಿದಳೆಂದು ಗೆಳೆಯ ಹೇಳಿದ.

ಫೆಬ್ರವರಿಯಲ್ಲಿ ಅವನ ಫೋನು ಬಂತು. ಒಲೆ ಒಡೆದಾಗಿದೆ. ತಾಯಿ ಆ ದಿನ ಮಗಳ ಮನೆಗೆ ಹೋಗಿದ್ದರಂತೆ. ಬೇಕೆಂದೇ ಹೋದರೋ ಏನೋ. ರೊಟ್ಟಿ ಈಗ ಗ್ಯಾಸಿನ ಮೇಲೆ, ಮೊದಲಿನ ರುಚಿಯಿಲ್ಲವೆಂದು ದಿನವೂ ಒಮ್ಮೆ ಆಗುತ್ತದೆ. ಕೆಮ್ಮು ಕಡಿಮೆಯಾಗಿದೆ. ಬುಟ್ಟಿಯಲ್ಲಿ ನುಚ್ಚು ಎರಡು ಸಲ ಕೆಟ್ಟು ಮೂರನೆಯ ಸಲ ಸರಿಬಂತು. ಇಪ್ಪತ್ತು ನಿಮಿಷ ಕುದಿಸಿ ಎರಡು ತಾಸು ಇಡುತ್ತಾರಂತೆ. ಹಾಲಿನ ಕೆಂಪು ಕೆನೆಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಹೊಟ್ಟಿನ ಆಸೆಗೆ ಇಲಿಗಳು ಬಂದು ಸೀರೆ ಕಡಿಯತೊಡಗಿದ್ದರಿಂದ, ರಾತ್ರಿಯಾದೊಡನೆ ಬುಟ್ಟಿಯನ್ನು ಹಗ್ಗದಿಂದ ಜಂತಿಗೆ ತೂಗುಹಾಕುತ್ತಾರೆ.